ಹುಡುಗಿ ಯಾರೂ ಇಲ್ರೀ ಕಾಕಾ

ಹದಿನಾಲ್ಕು ವರ್ಷದ ಹಿಂದೆ ನಾನು ಆಡಿದ ನಾಲ್ಕು ಶಬ್ದ ಈಗ ನಿದ್ದೆ ಕೆಡಿಸುತ್ತಿವೆ. ಆಡಿದಾಗ ತಪ್ಪು ಅನ್ನಿಸಿರಲಿಲ್ಲ. ಗೆಳೆಯನ ಮರ್ಯಾದೆ ಉಳಿಸಿದೆ, ಒಳ್ಳೆಯ ಕೆಲಸ ಮಾಡಿದೆ ಅಂತಲೇ ಎಷ್ಟೋ ವರ್ಷ ನಂಬಿಕೊಂಡಿದ್ದೆ. 2025ರ ಸೆಪ್ಟೆಂಬರ್ ಕೊನೆಗೆ ಅಕ್ಕನನ್ನು ನೋಡಲು ಪುಣೆಗೆ ಹೋದವನು ಒಂದು ಮಧ್ಯಾಹ್ನ ಒಬ್ಬನೇ ‘ಸಾಬರ್ ಬೋಂಡ’ ಎಂಬ ಮರಾಠಿ ಸಿನಿಮಾಕ್ಕೆ ಹೋಗಿ ಕೂತೆ. ಸಾಬರ್ ಬೋಂಡ ಅಂದರೆ ಡಬ್ಬಗಳ್ಳಿ ಹಣ್ಣು. ಸಣ್ಣವರಿದ್ದಾಗ ಹೊಲದ ಬದುವಿನಲ್ಲಿ ಕಿತ್ತು, ನೆಲಕ್ಕೆ ತಿಕ್ಕಿ ಮುಳ್ಳು ಕಳೆದು, ತುಟಿ ನಾಲಿಗೆ ಎಲ್ಲ ಕೆಂಪು ಮಾಡಿಕೊಂಡು ತಿನ್ನುತ್ತಿದ್ದೆವಲ್ಲ, ಅದೇ. ರೋಹನ್ ಪರಶುರಾಮ್ ಕಾನವಡೆ ಅವರ ಮೊದಲ ಪೂರ್ಣಪ್ರಮಾಣದ ಸಿನಿಮಾ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಪಡೆದದ್ದು. ಇಷ್ಟು ಪೇಪರಿನಲ್ಲಿ ಓದಿದ್ದೆ, ಅಷ್ಟೇ ಗೊತ್ತಿತ್ತು. ಆಟ ಮುಗಿದು ದೀಪ ಹತ್ತಿದ ಮೇಲೂ ನನಗೆ ಏಳಲು ಆಗಲಿಲ್ಲ. ಕಸ ಗುಡಿಸುವ ಹುಡುಗ ಬಂದು ಎರಡು ಸಾಲು ಆಚೆ ನಿಂತು ಕಾಯುತ್ತಿದ್ದ.

ಕತೆ ಸಣ್ಣದು. ಮುಂಬೈಯಲ್ಲಿ ಕಾಲ್‌ಸೆಂಟರಿನಲ್ಲಿ ದುಡಿಯುವ ಆನಂದ, ಅಪ್ಪ ತೀರಿಕೊಂಡನೆಂದು ಅವ್ವನ ಜೊತೆ ಹಳ್ಳಿಗೆ ಬರುತ್ತಾನೆ. ಹತ್ತು ದಿನದ ಸೂತಕ, ಅದರ ಕಟ್ಟುಪಾಡು, ಮನೆ ತುಂಬ ಬಳಗ. ಅಲ್ಲಿ ಬಾಲ್ಯದ ಗೆಳೆಯ ಬಾಳ್ಯಾ ಸಿಗುತ್ತಾನೆ. ಹೊಲ ಮಾಡಿಕೊಂಡಿರುವ ಅವನಿಗೂ ಮದುವೆಯಿಂದ ತಪ್ಪಿಸಿಕೊಳ್ಳುವುದೇ ಒಂದು ದುಡಿಮೆ. ಇಬ್ಬರ ನಡುವಿನದು ಯಾರಿಗೂ ಹೇಳದ ಪ್ರೀತಿ. ಹಿನ್ನೆಲೆ ಸಂಗೀತ ಎನ್ನುವುದೇ ಇಲ್ಲ. ಎಲ್ಲಿ ಅಳಬೇಕು ಎಂದು ಪಿಟೀಲು ಹೇಳಿಕೊಡುವುದಿಲ್ಲವಾದ್ದರಿಂದ ನಮ್ಮ ಪಕ್ಕದ ಕುರ್ಚಿಯವರ ಉಸಿರೂ ಕೇಳುತ್ತದೆ. ತಮ್ಮ ತಂದೆ ತೀರಿಕೊಂಡಾಗ ಊರಿನಲ್ಲಿ ಕಳೆದ ಸೂತಕದ ದಿನಗಳಿಂದ ಇದು ಹುಟ್ಟಿತೆಂದು ನಿರ್ದೇಶಕರು ಹೇಳಿಕೊಂಡಿದ್ದಾರೆ. ಸತ್ತ ಮನೆಯಲ್ಲೂ “ಮತ್ತ ನಿನ್ನ ಮದಿವಿ ಯಾವಾಗ?” ಎಂದು ಕೇಳುವ ಬಳಗ ಬರೀ ಮಹಾರಾಷ್ಟ್ರದಲ್ಲಿಲ್ಲ. ನಮ್ಮಲ್ಲಿ ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುವ ಹೊತ್ತಿಗೇ ಆ ಮಾತು ಶುರುವಾಗುತ್ತದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಇಬ್ಬರೂ ಅಲ್ಲ, ಆನಂದನ ಅವ್ವ. ಆಕೆಗೆ ಮಗನ ವಿಷಯ ಗೊತ್ತು. ಬಳಗ ಕೇಳಿದಾಗ ಹೇಳಲಿಕ್ಕೆ ಆ ಮನೆಯವರು ಒಂದು ಕತೆ ಕಟ್ಟಿ ಇಟ್ಟುಕೊಂಡಿದ್ದಾರೆ: ಇವನು ಒಂದು ಹುಡುಗಿಯನ್ನು ಪ್ರೀತಿ ಮಾಡಿದ್ದ, ಆಕೆ ಕೈಕೊಟ್ಟಳು, ಅಂದಿನಿಂದ ಮದುವೆ ಬೇಡ ಅಂತಾನೆ. ಇಲ್ಲದ ಒಬ್ಬ ಹುಡುಗಿಯನ್ನು ಹುಟ್ಟಿಸಿ, ಆಕೆಯನ್ನು ಬಾಗಿಲಿಗೆ ನಿಲ್ಲಿಸಿ, ಮಗನಿಗೆ ಉಸಿರಾಡಲು ಜಾಗ ಮಾಡಿಕೊಟ್ಟಿದ್ದಾರೆ. ಅದನ್ನು ನೋಡುತ್ತಿದ್ದಂತೆ ಧಾರವಾಡದ ಸಪ್ತಾಪುರದ ಖೋಲಿಯಲ್ಲಿ ನಾನು ಒಬ್ಬ ಅಪ್ಪನ ಮುಂದೆ ನಿಂತು ಹೇಳಿದ ಮಾತು ಕಿವಿಯಲ್ಲಿ ಬಂತು.

ಹಂಚಿನ ಮನೆಯ ಹಿಂದಿನ ಖೋಲಿ

2009ರ ಮಳೆಗಾಲ. ಡಿಗ್ರಿ ಮುಗಿಸಿದ ಗದಗ, ಹಾವೇರಿ ಕಡೆಯ ಹುಡುಗರು ಗಾದಿ ಸುತ್ತಿಕೊಂಡು ಧಾರವಾಡಕ್ಕೆ ಬಂದು ಸಪ್ತಾಪುರದಲ್ಲಿ ಖೋಲಿ ಹಿಡಿಯುವುದು ನಿಮಗೆ ಗೊತ್ತಿದ್ದದ್ದೇ. ಸರಕಾರಿ ನೌಕರಿಯ ಪರೀಕ್ಷೆಗೆ ಓದಲಿಕ್ಕೆ: ಗುಮಾಸ್ತಿಕೆಯ ಎಫ್‌ಡಿಎ, ಎಸ್‌ಡಿಎ, ಪೊಲೀಸಿನ ಪಿಎಸ್‌ಐ. ಆಸೆ ಇನ್ನೂ ದೊಡ್ಡದಿದ್ದರೆ ಕೆಎಎಸ್. ನಮ್ಮದು ಒಂದು ಹಂಚಿನ ಮನೆಯ ಹಿಂದಿನ ಖೋಲಿ. ಬಾಡಿಗೆ 1,800 ರೂಪಾಯಿ, ಮೂವರಿಗೆ ತಲಾ 600. ಖಾನಾವಳಿಯ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಜುಲೈ ತಿಂಗಳಿಡೀ ಜಿಟಿಜಿಟಿ ಮಳೆ ಹಿಡಿದುಬಿಟ್ಟರೆ ಅರಿವೆ ಒಣಗುತ್ತಿರಲಿಲ್ಲ. ಒಬ್ಬರ ಅಂಗಿ ಒಬ್ಬರು ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದೆವು. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುವುದು ಅಲ್ಲಿಯ ರೂಢಿ. ನಾನು ಮುಂಡರಗಿ. ಒಬ್ಬ ಬ್ಯಾಡಗಿ, ಇನ್ನೊಬ್ಬ ಹಾನಗಲ್ಲ. (ಇದನ್ನು ಬರೆಯುವ ಮೊದಲು ಬ್ಯಾಡಗಿಯನ್ನು ಕೇಳಿದೆ. “ನಂದ ಬರಿ. ಅಂವಂದ ಊರ ಬದಲ ಮಾಡ” ಅಂದ. ಹಾನಗಲ್ಲ ಅವನ ಊರಲ್ಲ.)

ಮೂವರಿಗೂ ಸೇರಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು, ಪ್ರಚಲಿತ ವಿದ್ಯಮಾನಕ್ಕೆ. ಬೆಳಿಗ್ಗೆ ಬ್ಯಾಡಗಿ ಪೇಪರನ್ನು ಗಟ್ಟಿಯಾಗಿ ಓದುವುದು, ಹಾನಗಲ್ಲ ಬರೆದುಕೊಳ್ಳುವುದು, ರಾತ್ರಿ ನಾನು ಪ್ರಶ್ನೆ ಕೇಳುವುದು. ಬರೆಯುವ ಕೆಲಸ ಹಾನಗಲ್ಲನಿಗೇ ಯಾಕೆ ಅಂದರೆ ಅವನ ಅಕ್ಷರ ಅಂಥವು. ಕೊಂಬು, ದೀರ್ಘ, ಒತ್ತು ಎಲ್ಲ ಒಂದೇ ಅಳತೆ. ಸಾಲಿಗೆ ಸಾಲು ಬಿತ್ತಿದ ಹಾಗೆ. ಜುಲೈ 3ರ ಬೆಳಿಗ್ಗೆ ಬ್ಯಾಡಗಿ ಒಂದು ಸುದ್ದಿ ಓದಲು ಶುರು ಮಾಡಿ ಅರ್ಧಕ್ಕೆ ನಿಂತ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಲಂ 377ರ ಬಗ್ಗೆ ಹಿಂದಿನ ದಿನ ದೆಹಲಿ ಹೈಕೋರ್ಟು ಕೊಟ್ಟ ತೀರ್ಪು. ಹಾನಗಲ್ಲ ತಲೆ ಎತ್ತದೆಯೇ “ಓದಲೇ, ಬರಕೊಳ್ತೇನಿ” ಅಂದ. ಬ್ಯಾಡಗಿ ಓದಿದ, ಅವನು ಬರೆದ. ಆ ಹಾಳೆ ಈಗ ನನ್ನ ಮುಂದೆ ಇದೆ: “ಕಲಂ 377 (ಐಪಿಸಿ, 1860) – ದೆಹಲಿ ಹೈಕೋರ್ಟ್, 2-7-2009 – ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ಇಟ್ಟುಕೊಂಡ ಸಂಬಂಧ ಅಪರಾಧ ಅಲ್ಲ – ಅರ್ಜಿದಾರರು: ನಾಜ್ ಫೌಂಡೇಶನ್.” ಬೇರೆ ಯಾವ ಸುದ್ದಿಯ ಕೆಳಗೂ ಅವನು ಗೆರೆ ಎಳೆದಿಲ್ಲ. ಇದರ ಕೆಳಗೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದಿದ್ದಾನೆ. “ಇದನ್ನ ಕೇಳಂಗಿಲ್ಲ ಬಿಡ್ರಿ, ಮುಂದಿನ್ದು ಓದ” ಅಂದವನು ನಾನು.

2010ರ ಫೆಬ್ರವರಿಯಲ್ಲಿ ಬ್ಯಾಡಗಿ ಊರಿಂದ ಒಂದು ಚೀಲ ಮೆಣಸಿನಕಾಯಿ ತಂದ. ಖಾನಾವಳಿಯ ಅಕ್ಕ ಕೊಳ್ಳುತ್ತೇನೆ ಅಂದಿದ್ದಳು, ಆದರೆ ತೊಟ್ಟು ಬಿಡಿಸಿ ಕೊಡಬೇಕೆಂದು ಷರತ್ತು. ಆ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು, ಸುಕ್ಕು ಸುಕ್ಕು. ಇಬ್ಬರೂ ಗೋಣಿಚೀಲ ಹಾಸಿ ಮಧ್ಯಾಹ್ನವೆಲ್ಲ ತೊಟ್ಟು ಬಿಡಿಸುತ್ತ ಕೂತಿದ್ದರು. ನಾನು ಲೈಬ್ರರಿಗೆ ಹೋಗಿದ್ದೆ. ಖಾರ ಕಡಿಮೆ ಅಂದರೂ ಅಷ್ಟು ಹೊತ್ತು ಕೈಯಾಡಿಸಿದರೆ ಬೆರಳಿಗೆ ಏರುತ್ತದೆ. ನಾನು ವಾಪಸು ಬಂದಾಗ ಹಾನಗಲ್ಲ ಮರೆತು ಕಣ್ಣು ಒರೆಸಿಕೊಂಡು, ಗೋಡೆಗೆ ಒರಗಿ, ಹಲ್ಲು ಕಚ್ಚಿ ಕೂತಿದ್ದ. ಬಾಗಿಲು ತೆರೆದೇ ಇತ್ತು, ನನ್ನ ಚಪ್ಪಲಿ ಸಪ್ಪಳ ಇಬ್ಬರಿಗೂ ಕೇಳಿಸಿರಲಿಲ್ಲ. ಬ್ಯಾಡಗಿ ಕೊಬ್ಬರಿ ಎಣ್ಣೆ ತಿಕ್ಕಿ, ಸಬಕಾರ ಹಚ್ಚಿ ಕೈ ತೊಳೆಯುತ್ತಿದ್ದ. ಮೂಸಿ ನೋಡಿದ, ಮತ್ತೆ ತೊಳೆದ. ಆಮೇಲೆ ತೋರುಬೆರಳನ್ನು ತನ್ನ ಕಣ್ಣಿಗೆ ಮುಟ್ಟಿಸಿಕೊಂಡ. ಉರಿಯಿತೇನೋ, ತಲೆ ಕೊಡವಿ ಮೂರನೆಯ ಸಲ ತೊಳೆದ. ಇನ್ನೊಮ್ಮೆ ತನ್ನ ಕಣ್ಣಿಗೆ ಮುಟ್ಟಿಸಿಕೊಂಡು, ಉರಿ ಇಲ್ಲ ಅಂತ ಖಾತ್ರಿ ಆದಮೇಲೆ ಚಹಾಕ್ಕೆಂದು ತಂದಿಟ್ಟ ಹಾಲಿನಲ್ಲಿ ಕರವಸ್ತ್ರದ ತುದಿ ಅದ್ದಿಕೊಂಡು ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತ.

“ಕಣ್ಣ ಮುಚ್ಚಬ್ಯಾಡ. ನನ್ನ ಕಡೆ ನೋಡ.”

“ಉರೀತೈತಲೇ.”

“ಉರೀಲಿ. ನೋಡ.”

ಎಡಗೈಯಲ್ಲಿ ಗದ್ದ ಹಿಡಿದಿದ್ದ. ರೆಪ್ಪೆಯ ಅಂಚಿಗೆ ಕರವಸ್ತ್ರ ಒತ್ತಿ ಒತ್ತಿ ತೆಗೆಯುತ್ತಿದ್ದ. ಹಾನಗಲ್ಲ ನೋಡಿದ. ಒಂದು ಕಣ್ಣು ಕೆಂಡದಂತೆ ಕೆಂಪು, ಎರಡರಿಂದಲೂ ನೀರು. ಹಾಗೆಯೇ ಬಹಳ ಹೊತ್ತು, ಕಣ್ಣಿನ ಉರಿಗೆ ಬೇಕಾದುದಕ್ಕಿಂತ ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಗೇಟಿನ ಚಿಲಕವನ್ನು ಬೇಕೆಂದೇ ಸಪ್ಪಳ ಮಾಡಿ, ಕೆಮ್ಮುತ್ತ ಒಳಗೆ ಬಂದೆ.

ನನಗೆ ಅಂದೇ ಗೊತ್ತಾಯಿತು. ಗೊತ್ತಿಲ್ಲದವನಂತೆ ಇರುವುದನ್ನೂ ಅಂದೇ ಶುರು ಮಾಡಿದೆ.

ದೋಸ್ತ ಅಂದರೆ ಸಾಕಿತ್ತು

ಗುಟ್ಟಿನ ಪ್ರೀತಿ ಅಂದರೆ ಸಿನಿಮಾದವರು ಕತ್ತಲು, ಬಾಗಿಲು, ಬೀಗ ತೋರಿಸುತ್ತಾರೆ. ‘ಸಾಬರ್ ಬೋಂಡ’ದಲ್ಲಿ ಅವರಿಬ್ಬರು ಬಯಲಲ್ಲಿ, ಮರದ ನೆರಳಲ್ಲಿ ಕೂಡುತ್ತಾರೆ, ಅದು ನನಗೆ ಬಹಳ ಖರೆ ಅನ್ನಿಸಿತು. ನಮ್ಮ ಕಡೆ ಇಬ್ಬರು ಗಂಡು ಹುಡುಗರು ಕಿರುಬೆರಳಿಗೆ ಕಿರುಬೆರಳು ಹಾಕಿಕೊಂಡು ಹುಬ್ಬಳ್ಳಿಯ ದುರ್ಗದ ಬೈಲಿನ ಗದ್ದಲದಲ್ಲಿ ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಒಂದೇ ಚಾದರದಲ್ಲಿ ಮಾಳಿಗೆ ಮೇಲೆ ಮಲಗಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು, ಧಾರವಾಡದ ಸಾಧನಕೇರಿಯ ಕೆರೆ ದಂಡೆಯಲ್ಲಿ ಒಬ್ಬನ ತೊಡೆ ಮೇಲೆ ಇನ್ನೊಬ್ಬ ತಲೆ ಇಟ್ಟು ಸಂಜೆ ಕಳೆಯಬಹುದು. “ದೋಸ್ತರದಾರ” ಅಂದುಬಿಟ್ಟರೆ ಮುಗಿಯಿತು. ಒಬ್ಬ ಹುಡುಗ, ಒಬ್ಬ ಹುಡುಗಿ ಹೀಗೆ ಒಂದು ದಿನ ಕೂತಿದ್ದರೆ ಮರುದಿನ ಎರಡೂ ಊರಿಗೆ ಸುದ್ದಿ ಮುಟ್ಟುತ್ತಿತ್ತು. ಬ್ಯಾಡಗಿ ಮತ್ತು ಹಾನಗಲ್ಲ ಎರಡೂವರೆ ವರ್ಷ ಎಲ್ಲರ ಕಣ್ಣೆದುರಿಗೇ ಇದ್ದರು. ಮನೆ ಮಾಲಕರ ಹೆಂಡತಿ ಮಕ್ಕಳಿಗೆ ಬೈಯುವಾಗ “ಆ ಹುಡುಗರನ್ನ ನೋಡಿ ಕಲೀರಿ, ಎಷ್ಟ ಹೊಂದಿಕೊಂಡದಾರ” ಅನ್ನುತ್ತಿದ್ದಳು.

ನಮ್ಮ ನೆಲಕ್ಕೆ ಇದೆಲ್ಲ ಅಪರಿಚಿತ ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಸವದತ್ತಿ ಎಲ್ಲಮ್ಮನ ಜೋಗಪ್ಪಗಳನ್ನು ಕಂಡು ಬೆಳೆದವರು ನಾವು. ಗಂಡಾಗಿ ಹುಟ್ಟಿ ಸೀರೆ ಉಟ್ಟು ಜಗ (ದೇವಿಯ ಮೂರ್ತಿ ಇಟ್ಟ ಬುಟ್ಟಿ) ಹೊತ್ತು ಬಂದವರ ಪಾದಕ್ಕೆ ನಮ್ಮ ಅವ್ವ ಬಿಂದಿಗೆ ನೀರು ಹಾಕಿ ಮೊರದಲ್ಲಿ ಜೋಳ ಕೊಡುತ್ತಿದ್ದಳು. ಅವರ ಬದುಕು ಹೂವಿನ ಹಾಸಿಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಒಂದು ಹೆಸರಿದೆ, ದೇವರಿದ್ದಾಳೆ, ಹುಣ್ಣಿಮೆ ಇದೆ, ಹಾಡು ಇದೆ. ಪ್ಯಾಂಟು ಅಂಗಿ ಹಾಕಿಕೊಂಡು ಎಸ್‌ಡಿಎ ಪರೀಕ್ಷೆಗೆ ಓದುವ ಇಬ್ಬರು ಹುಡುಗರ ಪ್ರೀತಿಗೆ ನಮ್ಮ ಆಡುಮಾತಿನಲ್ಲಿ ಹೆಸರಿಲ್ಲ. ಪೇಪರಿನಲ್ಲಿ ಬರುವ ‘ಸಲಿಂಗಕಾಮ’ ಎಂಬ ಶಬ್ದವನ್ನು ಆ ಕರವಸ್ತ್ರದ ಪಕ್ಕಕ್ಕೆ ಇಟ್ಟು ನೋಡಿದೆ, ಎಷ್ಟು ಸಲ ಇಟ್ಟರೂ ಕೂಡಲಿಲ್ಲ. ಬ್ಯಾಡಗಿ ಮೊದಲು ತನ್ನ ಕಣ್ಣಿಗೆ ಬೆರಳು ಮುಟ್ಟಿಸಿಕೊಂಡನಲ್ಲ, ಆ ಶಬ್ದದಲ್ಲಿ ಅದಕ್ಕೆ ಎಲ್ಲಿ ಜಾಗ ಇದೆ? ಉಳಿದದ್ದು ‘ದೋಸ್ತ’ ಒಂದೇ. ಅದರೊಳಗೆ ಅವರು ಮನೆ ಮಾಡಿಕೊಂಡಿದ್ದರು. ಆ ಮನೆಗೆ ಬಾಡಿಗೆ ಕರಾರಿನ ಹಾಗೆ ಒಂದು ಅವಧಿ ಇರುತ್ತದೆ ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ. ಇಪ್ಪತ್ತೈದು, ಇಪ್ಪತ್ತಾರು ವಯಸ್ಸು ಆಗುತ್ತಲೇ ಊರಿಂದ ಕರೆ ಬರುತ್ತದೆ.

ಕಾಕಾ ಬಂದಿದ್ದರು

2011ರ ದೀಪಾವಳಿ ಮುಗಿದ ವಾರ. ಇಬ್ಬರೂ ಅರ್ಜಿ ತುಂಬಲಿಕ್ಕೆ ಹೊರಗೆ ಹೋಗಿದ್ದರು. ಹಾನಗಲ್ಲನ ಅಪ್ಪ ಯಾವ ಸುದ್ದಿಯೂ ಕೊಡದೆ ಬಂದರು. ಬಿಳಿ ಧೋತರ, ಟೊಪ್ಪಿಗೆ, ಕೈಯಲ್ಲಿ ರೊಟ್ಟಿ ಬುತ್ತಿ, ಹೆಗಲ ಮೇಲೆ ಹೊಸ ಅಕ್ಕಿಯ ಸಣ್ಣ ಚೀಲ. ಕುಡಿಯಲು ನೀರು ಕೊಟ್ಟು, ಸ್ಟೋ ಹಚ್ಚಿ ಚಹಾ ಇಟ್ಟೆ. ಅವರು ಸುಮ್ಮನೆ ಖೋಲಿ ನೋಡುತ್ತ ಕೂತರು. ಮೂಲೆಯಲ್ಲಿ ಒಂದಕ್ಕೊಂದು ಹತ್ತಿಸಿ ಹಾಸಿದ್ದ ಎರಡು ಗಾದಿ, ಕಿಟಕಿ ಕೆಳಗೆ ನನ್ನದೊಂದು. ಎದ್ದು ಹೋಗಿ ಆ ಎರಡು ಗಾದಿಯ ಚಾದರ ಕೊಡವಿ, ನೀಟಾಗಿ ಮಡಿಚಿ ಇಟ್ಟು ಬಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರಿಗೆ ಏನೂ ಅನ್ನಿಸಿರಲಿಕ್ಕಿಲ್ಲ. ಮಕ್ಕಳ ಹಾಸಿಗೆ ಮಡಚುವುದು ಅವರಿಗೆ ರೂಢಿ ಇದ್ದಿರಬೇಕು.

“ತಮ್ಮಾ, ನೀನೂ ನನ್ನ ಮಗನಂಗ. ಒಂದ ಮಾತ ಖರೇ ಹೇಳ್ತೀಯೇನಪಾ?”

“ಹೇಳ್ತೇನ್ರಿ ಕಾಕಾ.”

“ಮದಿವಿ ಮಾತ ತಗದ್ರ ಅಂವ ಎದ್ದ ಹೊಕ್ಕಾನ. ಅವರವ್ವ ದಿನಾ ಅಳತಾಳ. ಇಲ್ಲೇನರೆ ಹುಡುಗಿ ಗಿಡುಗಿ ಅದಾಳೇನು? ಜಾತಿ ಬ್ಯಾರೆ ಇದ್ರೂ ಇರಲಿ, ಹೇಳಿಬಿಡು. ನಾ ಮಂದಿನ್ನ ಸಂಭಾಳಸ್ತೇನಿ.”

ಚಹಾ ಉಕ್ಕಿ ಬಂತು. ಸ್ಟೋ ಸಣ್ಣ ಮಾಡುತ್ತ, ಅವರ ಮುಖ ನೋಡದೆ ಹೇಳಿದೆ: “ಹುಡುಗಿ ಯಾರೂ ಇಲ್ರೀ ಕಾಕಾ.”

ಸುಳ್ಳಲ್ಲ. ಹುಡುಗಿ ಯಾರೂ ಇರಲಿಲ್ಲ. ಅವರ ಮುಖದಲ್ಲಿ ಎಷ್ಟು ದಿನದ ಭಾರ ಇಳಿಯಿತೆಂದರೆ, ಬಶಿಯಲ್ಲಿ ಚಹಾ ಸುರುವಿಕೊಂಡ ಕೈ ನಡುಗಿತು. “ಹಂಗಾರ ನಾ ನೋಡಾಕ ಸುರು ಮಾಡ್ಲಿ?” ಎಂದು ಕೇಳಿದರು, ನನ್ನನ್ನೇ ಕೇಳಿದರು. ನಾನು “ನೋಡ್ರಿ” ಅಂದೆ.

ಆ ಸಂಜೆ ಬುತ್ತಿ ಬಿಚ್ಚಿ ಮೂವರೂ ಉಂಡೆವು. ಹಾನಗಲ್ಲ “ಅಪ್ಪ ಏನಂದ?” ಅಂತ ಕೇಳಿದ. “ಏನಿಲ್ಲ, ಸುಮ್ನ ಬಂದಿದ್ರು” ಅಂದೆ.

ಪುಣೆಯ ಥಿಯೇಟರಿನಲ್ಲಿ ಕೂತಾಗ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಸಿನಿಮಾದ ಅವ್ವ ಇಲ್ಲದ ಹುಡುಗಿಯನ್ನು ಹುಟ್ಟಿಸಿ ಮಗನಿಗೆ ಕಾಲ ದೊರಕಿಸಿದಳು. ನಾನು ಇಲ್ಲದ ಹುಡುಗಿಯನ್ನು ಇಲ್ಲ ಎಂದು ಹೇಳಿ ಅವರಿಬ್ಬರ ಕಾಲ ಮುಗಿಸಿದೆ. “ಒಬ್ಬಾಕಿ ಅದಾಳ್ರಿ ಕಾಕಾ, ಆದ್ರ ನೌಕರಿ ಆಗೂತನಾ ಬ್ಯಾಡ ಅಂದಾಳ” ಅಂದಿದ್ದರೆ? ಆ ಮನುಷ್ಯ ಜಾತಿ ಬೇರೆ ಇದ್ದರೂ ಒಪ್ಪಲಿಕ್ಕೆ ಸಿದ್ಧವಾಗಿ ಬಂದಿದ್ದರು. ನಮ್ಮ ಊರುಗಳಲ್ಲಿ ಒಬ್ಬ ಒಕ್ಕಲುತನದ ಅಪ್ಪ ಅಷ್ಟು ದೂರ ಮನಸ್ಸು ತರುವುದು ಸಣ್ಣ ಮಾತಲ್ಲ. ಇನ್ನೂ ಒಂದು ವರ್ಷ, ಎರಡು ವರ್ಷ ಕಾಯುತ್ತಿದ್ದರು. ಬಹುಶಃ ಅಷ್ಟರಲ್ಲಿ ಒಬ್ಬನಿಗಾದರೂ ನೌಕರಿ ಆಗುತ್ತಿತ್ತು. ನೌಕರಿ ಆದವನಿಗೆ ಊರಿಂದ ದೂರ ಇರಲು ಕಾರಣ ಸಿಗುತ್ತದೆ, ದೂರ ಇದ್ದವನಿಗೆ ‘ಇಲ್ಲ’ ಅನ್ನುವ ಧೈರ್ಯ ಬರುತ್ತದೆ. ಆಗುತ್ತಿತ್ತೋ ಇಲ್ಲವೋ, ಹೇಗೆ ಹೇಳಲಿ. ಹಾಗೆ ಹೇಳುವುದು ನನಗೆ ಅಂದು ತೋಚಲಿಲ್ಲ. ತೋಚದೆ ಇದ್ದದ್ದಕ್ಕೆ ಕಾರಣ ಪ್ರಾಮಾಣಿಕತೆ ಅಲ್ಲ. ಆ ಖೋಲಿಯಲ್ಲಿ ಇದ್ದದ್ದರ ಬಗ್ಗೆ ನನಗೆ ಹೆದರಿಕೆ ಇತ್ತು. ಅದು ಮುಗಿದುಹೋದರೆ ಎಲ್ಲ ಸರಿಹೋಗುತ್ತದೆ ಎಂದು ಒಳಗೊಳಗೆ ಅನ್ನಿಸಿತ್ತು. “ನೋಡ್ರಿ” ಅನ್ನುವ ಶಬ್ದ ಬಂದದ್ದು ಅಲ್ಲಿಂದ.

ಬಾಸಿಂಗ

ಮದುವೆ 2012ರ ಮೇ ತಿಂಗಳಿನಲ್ಲಿ ಆಯಿತು. ಬ್ಯಾಡಗಿ ನಾಲ್ಕು ದಿನ ಮೊದಲೇ ಹೋಗಿ ನಿಂತು ಹಂದರ ಹಾಕಿಸಿದ, ಬಾಡಿಗೆ ಪಾತ್ರೆ ಎಣಿಸಿ ಇಳಿಸಿಕೊಂಡ, ಬೀಗರ ಬಸ್ಸಿಗೆ ಎದುರು ಹೋದ. “ದೋಸ್ತ ಅಂದ್ರ ಹಿಂಗಿರಬೇಕ ನೋಡ” ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಅಕ್ಷತೆಗೆ ಸ್ವಲ್ಪ ಮೊದಲು ಮದುಮಗನ ಬಾಸಿಂಗದ ದಾರ ಬೆವರಿಗೆ ಸಡಿಲಾಗಿ ಹಣೆಯಿಂದ ಜಾರಿತು. ಸೋದರಮಾವ ಎಲ್ಲೋ ಇದ್ದರು, ಅತ್ತೆಗೆ ಗಂಟು ಬಿಗಿಯಾಗಿ ಬೀಳುತ್ತಿರಲಿಲ್ಲ. ಯಾರೋ “ಏ, ಅಂವನ್ನ ಕರೀರಿ” ಅಂದರು. ಬ್ಯಾಡಗಿ ಬಂದು ಹಿಂದೆ ನಿಂತ. ಎರಡೂ ದಾರ ಹಿಡಿದು, ಕಿವಿಯ ಮೇಲಿನ ಕೂದಲು ಸಿಕ್ಕಿಹಾಕಿಕೊಳ್ಳದ ಹಾಗೆ ಒಂದು ಬೆರಳಿನಿಂದ ಸರಿಸಿ, ತಲೆಯ ಹಿಂದೆ ಗಂಟು ಹಾಕಿದ.

“ಬಿಗಿ ಆತೇನ?”

“ಇರಲಿ.”

ಹಾನಗಲ್ಲ ಹಿಂದೆ ತಿರುಗಲಿಲ್ಲ. ತಿರುಗಿದರೆ ಬಾಸಿಂಗ ಮತ್ತೆ ಸರಿಯುತ್ತಿತ್ತು ಅಂತ ಬೇಕಾದರೆ ಅಂದುಕೊಳ್ಳಬಹುದು. ನಾನು ಮೂರು ಮಾರು ದೂರದಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದೆ. ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುತ್ತ ಬಂದ ಬ್ಯಾಡಗಿಗೆ, ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ: “ಮತ್ತ ನಿಂದ್ಯಾವಾಗಲೇ?” ಅವನು ಸೌಟು ತುಂಬ ಹುಗ್ಗಿ ಹಾಕಿ “ಉಣ್ಣ ಮೊದಲ” ಅಂತ ಮುಂದೆ ಹೋದ.

ಅಂದು ಮಂಟಪದಲ್ಲಿ ಇನ್ನೊಬ್ಬಳಿದ್ದಳು. ಆಕೆಯ ಬಗ್ಗೆ ನಾನು ಯೋಚಿಸಲಿಕ್ಕೆ ಹಿಡಿದ ಕಾಲ ಎಲ್ಲಕ್ಕಿಂತ ಹೆಚ್ಚು. 2016ರಲ್ಲಿ ಧಾರವಾಡಕ್ಕೆ ಯಾವುದೋ ಮದುವೆಗೆ ಬಂದ ಗಂಡಹೆಂಡಿರು ನಮ್ಮ ಮನೆಗೆ ಬಂದಿದ್ದರು. ಮಗುವನ್ನು ಎತ್ತಿಕೊಂಡು ಹಾನಗಲ್ಲ ಅಂಗಳಕ್ಕೆ ಹೋದಾಗ ಆಕೆ ನನ್ನನ್ನು ಕೇಳಿದಳು: “ಇವರು ಮನ್ಯಾಗ ಮಾತ ಭಾಳ ಕಡಿಮಿರಿ ಅಣ್ಣಾ. ರೂಮಿನ್ಯಾಗೂ ಹಿಂಗ ಇದ್ರೇನು?” ರಾತ್ರಿ ದೀಪ ಆರಿಸಿದ ಮೇಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ, ಮಾಲಕರು ಗೋಡೆ ಬಡಿಯುತ್ತಿದ್ದರು. “ಹೂನ್ರಿ, ಮೊದಲಿಂದನೂ ಹಂಗ ಅಂವ” ಅಂದೆ. ಈ ಸಲ ಆಡಿದ್ದು ಪೂರ್ತಿ ಸುಳ್ಳು. ಆಕೆ ತಲೆ ಅಲ್ಲಾಡಿಸಿ ಸಮಾಧಾನ ಮಾಡಿಕೊಂಡಳು. ತನ್ನಲ್ಲಿ ಏನೋ ಕೊರತೆ ಇದೆಯೇನೋ ಎಂಬ ಅನುಮಾನ ಆ ಪ್ರಶ್ನೆಯ ಹಿಂದೆ ಇತ್ತು, ಅದು ನನಗೆ ಕಂಡಿತ್ತು. 2023ರಲ್ಲಿ ಬಂದ ಮಲಯಾಳದ ‘ಕಾದಲ್’ ಸಿನಿಮಾದಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಇದೇ ಕಾರಣಕ್ಕೆ ವಿಚ್ಛೇದನ ಕೇಳುತ್ತಾಳೆ. ಆ ಹೆಣ್ಣುಮಗಳಿಗೆ ಕೊನೆಗೆ ಕಾರಣವಾದರೂ ಗೊತ್ತಿತ್ತು. ಈಕೆಗೆ ಗೊತ್ತಿಲ್ಲ. ಇಬ್ಬರ ಗುಟ್ಟು ಎಂದು ನಾವು ಅನ್ನುತ್ತೇವೆ. ಮೂರನೆಯವಳು ಅದರ ಬೆಲೆಯನ್ನು ದಿನವೂ ಕೊಡುತ್ತಿರುತ್ತಾಳೆ, ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ತಿಳಿಯದೆಯೇ.

ತಿದ್ದಕೋ

ಖೋಲಿ ಖಾಲಿ ಮಾಡಿದಾಗ ನೋಟ್‌ಬುಕ್ ನನ್ನ ಟ್ರಂಕಿನಲ್ಲಿ ಉಳಿಯಿತು. ಅದರ ಕೊನೆಯ ಕಡೆಯ ಹಾಳೆಗಳಲ್ಲಿ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕ ಸುದ್ದಿ ಇದೆ. ಪಕ್ಕದಲ್ಲಿ ಹಾನಗಲ್ಲ ಒಂದು ಸುಕ್ಕು ಸುಕ್ಕು ಮೆಣಸಿನಕಾಯಿ ಬರೆದಿದ್ದಾನೆ. ಬ್ಯಾಡಗಿಗೆ 2013ರಲ್ಲಿ ಎಸ್‌ಡಿಎ ನೌಕರಿ ಆಯಿತು. ಆ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ತೆಗೆದುಹಾಕಿ 377ನ್ನು ಮತ್ತೆ ಊರ್ಜಿತ ಮಾಡಿತು. ಸ್ಕೇಲ್ ಇಟ್ಟು ಗೆರೆ ಎಳೆದ ಆ ಸಾಲು ಒಂದೇ ಬೆಳಿಗ್ಗೆಯಲ್ಲಿ ತಪ್ಪು ಉತ್ತರ ಆಯಿತು. ನನಗೆ ಆ ದಿನದ ನೆನಪೇ ಇಲ್ಲ. ಬ್ಯಾಡಗಿ ಆ ಪೇಪರನ್ನು ಯಾವ ಊರಿನ ಯಾವ ಖೋಲಿಯಲ್ಲಿ, ಯಾರಿಗೂ ಓದಿ ಹೇಳದೆ ಓದಿದನೋ.

2018ರ ಸೆಪ್ಟೆಂಬರ್ 6, ಗುರುವಾರ. ಸಂಜೆ ಅವನ ಫೋನ್ ಬಂತು, ಒಂದೂವರೆ ವರ್ಷದ ಮೇಲೆ. ಇಂಥ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅಂದು ಒಕ್ಕೊರಲಿನಿಂದ ತೀರ್ಪು ಕೊಟ್ಟಿತ್ತು, ಟಿವಿ ತುಂಬ ಅದೇ. ಕ್ಷೇಮ ಸಮಾಚಾರ ಏನೂ ಇಲ್ಲದೆ ನೇರ ಕೇಳಿದ: “ಮುಂಡರಗಿ, ನೋಟಬುಕ್ ಐತೇನಲೇ?”

“ಐತಿ, ಯಾಕ?”

“377 ತಿದ್ದಕೋ.”

ನಾನು ನಕ್ಕೆ. “ಪರೀಕ್ಷಾ ಎಲ್ಲಾ ಮುಗದಾವಲೇ, ಇನ್ನೇನ್ ತಿದ್ದಕೊಳ್ಳೋದು” ಅಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ; ಯಾವುದೋ ಬಸ್ ಸ್ಟ್ಯಾಂಡಿನ ಗದ್ದಲ, ಕಂಡಕ್ಟರ್ ಕೂಗುತ್ತಿದ್ದದ್ದು. “ಹೌದ ಬಿಡು” ಅಂದ. ಅವ್ವನ ಮಂಡಿನೋವು, ನನ್ನ ಮಗಳ ಸಾಲಿ, ಮಳೆ, ಇಷ್ಟು ಮಾತಾಡಿ ಇಟ್ಟ. ಒಂಬತ್ತು ವರ್ಷ ಒಳಗಿಟ್ಟುಕೊಂಡದ್ದನ್ನು ಒಂದು ಸಾಲಿನಲ್ಲಿ ನನ್ನ ಮುಂದೆ ತಂದು ಇಟ್ಟಿದ್ದ. ಇಡೀ ದೇಶದಲ್ಲಿ, ಆ ಸಂಜೆ, ಅದನ್ನು ಹೇಳಲಿಕ್ಕೆ ಅವನಿಗೆ ಇದ್ದ ಒಬ್ಬನೇ ಮನುಷ್ಯ ನಾನಾಗಿದ್ದೆ. ಹಾನಗಲ್ಲನಿಗೆ ಫೋನ್ ಮಾಡುವ ಹಾಗಿರಲಿಲ್ಲವಲ್ಲ.

2023ರ ಅಕ್ಟೋಬರ್ 17ರಂದು, ಇಂಥ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೆಲಸ ಅಲ್ಲ, ಶಾಸನ ಮಾಡುವವರದು ಎಂದು ಸುಪ್ರೀಂ ಕೋರ್ಟು ಹೇಳಿದಾಗ ಅವನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಪುಣೆಯಿಂದ ರಾತ್ರಿ ಗಾಡಿ ಹಿಡಿದು ಬಂದೆ. ಮೇಲಿನ ಬರ್ತಿನಲ್ಲಿ ಕಣ್ಣು ಮುಚ್ಚಿದರೆ ಡಬ್ಬಗಳ್ಳಿ ಹಣ್ಣು. ನಾವು ಸಣ್ಣವರಿದ್ದಾಗ ಆ ಹಣ್ಣಿನ ಸಣ್ಣ ಮುಳ್ಳು ಬೆರಳಿಗೆ ಹೊಕ್ಕರೆ ಕಣ್ಣಿಗೆ ಕಾಣುತ್ತಿರಲಿಲ್ಲ, ಮುಟ್ಟಿದಾಗ ಮಾತ್ರ ಚುರ್ರೆನ್ನುತ್ತಿತ್ತು. ತೆಗೆಯಲು ಇನ್ನೊಬ್ಬರ ಕಣ್ಣು ಬೇಕು, ಬಿಸಿಲಿಗೆ ಬೆರಳು ಹಿಡಿದು ಹೊರಳಿಸಿ ಹೊರಳಿಸಿ ನೋಡಬೇಕು. ಬೆಳಗಿನ ಜಾವ ಧಾರವಾಡದಲ್ಲಿ ಇಳಿದವನು ಮನೆಗೆ ಬಂದು, ಹೆಂಡತಿ ಎದ್ದು ಯಾಕೆ ಅಂತ ಕೇಳುತ್ತಿದ್ದರೂ ಅಟ್ಟದ ಟ್ರಂಕು ಇಳಿಸಿದೆ. ಹಾಳೆ ಹಳದಿ ಆಗಿದೆ, ಗೆರೆಯ ಶಾಯಿ ಮಾತ್ರ ಹಾಗೇ ಇದೆ. ಹಾನಗಲ್ಲನ ಸಾಲಿನ ಕೆಳಗೆ ನನ್ನ ಕೋಳಿಕಾಲಿನ ಅಕ್ಷರದಲ್ಲಿ ಒಂದೊಂದಾಗಿ ಬರೆದೆ. 11-12-2013, ಸುಪ್ರೀಂ ಕೋರ್ಟ್, ರದ್ದು. 6-9-2018, ಸುಪ್ರೀಂ ಕೋರ್ಟ್, ಸಂವಿಧಾನ ಪೀಠ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ. 17-10-2023, ಮದುವೆ, ಇಲ್ಲ. 1-7-2024, ಐಪಿಸಿಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ 377ರಂಥ ಕಲಂ ಇಲ್ಲ. ಬರೆದಾದ ಮೇಲೆ ಫೋಟೊ ತೆಗೆದು ಬ್ಯಾಡಗಿಗೆ ಕಳಿಸಿದೆ. ಕೆಳಗೆ “ತಡಾ ಆತು. ತಿದ್ದೇನಿ. 2011ರಾಗ ಕಾಕಾ ಬಂದಾಗ ನಾ ಹೇಳಿದ್ದೂ ನಿನಗ ಹೇಳಬೇಕಾಗೈತಿ” ಎಂದು ಹಾಕಿದೆ.

ಏಳು ಗಂಟೆಗೆ ನೀಲಿ ಗೆರೆ ಬಿದ್ದವು. ಹತ್ತು ಆಯಿತು, ಹನ್ನೊಂದು ಆಯಿತು, ಉತ್ತರ ಇಲ್ಲ. ಅವನ ಆಫೀಸು ಆ ಹೊತ್ತಿಗೆ ಮಂದಿಯಿಂದ ತುಂಬಿರುತ್ತದೆ. ಮಧ್ಯಾಹ್ನ ಎರಡೂವರೆಗೆ, ಊಟದ ಹೊತ್ತಿನಲ್ಲಿ ಬರೆದಿರಬೇಕು, ಎರಡು ಸಂದೇಶ ಬಂದವು.

“ಕಾಕಾ ಯಾಕ ಬಂದಿದ್ರು ಗೊತ್ತಿತ್ತು. ಚಾದರ ಮಡಚಿದ್ದು ನೋಡಿ ಅಂವ ಅವತ್ತ ರಾತ್ರಿನ ಹೇಳಿದ್ದ, ಅಪ್ಪ ಸುಮ್ನ ಬಂದಿಲ್ಲ ಅಂತ.”

ಸ್ವಲ್ಪ ಹೊತ್ತು ಬಿಟ್ಟು:

“ಅವನ ಅಕ್ಷರ ಭಾಳ ಚಂದ ಇದ್ದು ನೋಡ. ಆ ಹಾಳಿ ಇಟ್ಟಿರು.”